ರಜೆ ಉಂಟಾ, ಟೀಚರ್?

ಜುಲೈ ತಿಂಗಳಲ್ಲಿ ದಕ್ಷಿಣ ಕನ್ನಡದ ಮಕ್ಕಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುವ ಗದ್ಯವೆಂದರೆ ಜಿಲ್ಲಾಧಿಕಾರಿಗಳ ರಜೆ ಆದೇಶ. ಹವಾಮಾನ ಇಲಾಖೆ ರೆಡ್ ಅಲರ್ಟ್ ಎಂದ ಸಂಜೆಯಿಂದಲೇ ಮನೆಯ ಮೊಬೈಲಿಗೆ ಕಾವಲು ಶುರು. ಎಂಟೂವರೆ, ಒಂಬತ್ತರ ಹೊತ್ತಿಗೆ ಯಾವುದೋ ಗುಂಪಿನಿಂದ ಒಂದು ಚಿತ್ರ ಬಂದು ಬೀಳುತ್ತದೆ. ಮೇಲೆ ಸರ್ಕಾರದ ಲಾಂಛನ, ನಡುವೆ 'ವಿಷಯ', 'ಉಲ್ಲೇಖ', ಕೆಳಗೆ ಸಹಿ, ಮೊಹರು. ಜಿಲ್ಲೆಯ ಎಲ್ಲಾ ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳಿಗೆ ರಜೆ. ಹತ್ತು ನಿಮಿಷ ಕಳೆಯುವುದರೊಳಗೆ ನನ್ನ ಫೋನು ಕುಟ್ಟತೊಡಗುತ್ತದೆ: "ಟೀಚರ್, ನಾಳೆ ರಜೆ ಉಂಟಾ?"

ಇದರಲ್ಲಿ ನಕಲಿಯೂ ಇರುತ್ತದೆ. ಹೋದ ವರ್ಷದ ಆದೇಶಕ್ಕೆ ಈ ವರ್ಷದ ತಾರೀಕು ಅಂಟಿಸಿದ್ದು, ಪಕ್ಕದ ಜಿಲ್ಲೆಯದ್ದನ್ನು ಮೇಲಿನ ಸಾಲು ಕತ್ತರಿಸಿ ಬಿಟ್ಟದ್ದು, ಯಾರೋ ಕಾಲೇಜು ಹುಡುಗ ಕೂತು ಮಾಡಿದ್ದು. ಮಳೆಗಾಲದಲ್ಲಿ ಒಮ್ಮೆಯಾದರೂ ಜಿಲ್ಲಾಡಳಿತ 'ಇದು ಸುಳ್ಳು, ನಂಬಬೇಡಿ' ಎಂದು ಸ್ಪಷ್ಟನೆ ಕೊಡಬೇಕಾಗುತ್ತದೆ. ಆ ಸ್ಪಷ್ಟನೆ ಬರುವಷ್ಟರಲ್ಲಿ ಅರ್ಧ ಊರು ಚೀಲ ಬದಿಗಿಟ್ಟು ಮಲಗಿರುತ್ತದೆ.

ಸಮಾಜ ವಿಜ್ಞಾನ ಪಾಠ ಮಾಡುವ ನಾನು ಕಳೆದ ಮಳೆಗಾಲದಲ್ಲಿ ಇಂಥ ನಾಲ್ಕು ಆದೇಶಗಳನ್ನು ಪ್ರಿಂಟ್ ತೆಗೆದುಕೊಂಡು ಒಂಬತ್ತನೆಯ ತರಗತಿಗೆ ಹೋದೆ. ಎರಡು ಅಸಲಿ, ಎರಡು ನಕಲಿ. ಐದೈದು ಮಂದಿಯ ಗುಂಪು ಮಾಡಿ, ಯಾವುದು ಯಾವುದೆಂದು ಹೇಳಿ ಎಂದೆ. ಮಕ್ಕಳು ಪತ್ತೇದಾರರ ಹಾಗೆ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. "ಸೀಲ್ ಸರಿ ಉಂಟು ಟೀಚರ್, ಇದು ನಿಜ." "ಇದರಲ್ಲಿ ಸಹಿ ಮಸುಕುಂಟು, ಡೂಪ್ಲಿಕೇಟ್." ಒಬ್ಬ ತಾರೀಕಿನ ಅಂಕಿಗಳು ಮಾತ್ರ ದಪ್ಪ ಅಕ್ಷರದಲ್ಲಿವೆ ಎಂದು ಹಿಡಿದ, ಒಳ್ಳೆಯ ಕಣ್ಣು. ಆದರೂ ಒಟ್ಟು ಲೆಕ್ಕ ಹಾಕಿದಾಗ ಹೆಚ್ಚಿನ ಗುಂಪುಗಳು ಮಸುಕಾದ ಅಸಲಿಯನ್ನು ನಕಲಿ ಎಂದಿದ್ದವು, ಚೆಂದವಾಗಿದ್ದ ನಕಲಿಯನ್ನು ಅಸಲಿ ಎಂದಿದ್ದವು. ಹಿಂದಿನ ಬೆಂಚಿನ ಒಬ್ಬಳು ಮಾತ್ರ ಕಾಗದವನ್ನು ಸರಿಯಾಗಿ ನೋಡಲೂ ಇಲ್ಲ. "ಇದು ಸುಳ್ಳು ಟೀಚರ್. ಆ ದಿನ ನನ್ನ ಬರ್ತ್‌ಡೇ. ನಾನು ಶಾಲೆಯಲ್ಲಿ ಚಾಕ್ಲೇಟ್ ಹಂಚಿದ್ದೆ."

ಇಡೀ ತರಗತಿಯಲ್ಲಿ ಸರಿಯಾದ ದಾರಿ ಹಿಡಿದವಳು ಅವಳೊಬ್ಬಳೇ. ಉಳಿದವರೆಲ್ಲ ಕಾಗದದ ಒಳಗೇ ಸತ್ಯ ಹುಡುಕುತ್ತಿದ್ದರು, ಅವಳು ಕಾಗದ ಬಿಟ್ಟು ಹೊರಗೆ ಬಂದಳು.

ಇದು ನನ್ನ ತರಗತಿಯ ಸಂಗತಿ ಮಾತ್ರವಲ್ಲ. ಅಮೆರಿಕದ ಸ್ಟಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಬೇರೆ ರೀತಿಯಲ್ಲಿ ತೋರಿಸಿತು. 10 ಮಂದಿ ಇತಿಹಾಸಕಾರರು, ಎಲ್ಲರೂ ಪಿಎಚ್‌ಡಿ ಆದವರು. 10 ಮಂದಿ ಸುದ್ದಿಸಂಸ್ಥೆಗಳ ಫ್ಯಾಕ್ಟ್‌ಚೆಕರ್‌ಗಳು. ಸ್ಟಾನ್‌ಫೋರ್ಡ್‌ನದೇ 25 ವಿದ್ಯಾರ್ಥಿಗಳು. ಇವರ ಮುಂದೆ ಮಕ್ಕಳ ವೈದ್ಯರ ಎರಡು ಸಂಘಗಳ ಜಾಲತಾಣಗಳನ್ನು ಇಟ್ಟರು. ಒಂದು ಸಾವಿರಾರು ಸದಸ್ಯರಿರುವ ಹಳೆಯ, ದೊಡ್ಡ ವೃತ್ತಿಸಂಘ. ಇನ್ನೊಂದು, ಸಲಿಂಗ ದಂಪತಿಗಳಿಗೆ ಮಕ್ಕಳನ್ನು ದತ್ತು ಕೊಡುವುದನ್ನು ವಿರೋಧಿಸಿ 2002ರಲ್ಲಿ ಅದರಿಂದ ಸಿಡಿದು ಹೋದ ಪುಟ್ಟ ಗುಂಪು. ಹೆಸರು ಹೆಚ್ಚುಕಡಿಮೆ ಒಂದೇ, ಎರಡರದೂ ನೋಟ ಚೊಕ್ಕ. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪುಟ್ಟ ಗುಂಪಿನದೇ ಹೆಚ್ಚು ನಂಬುವಂಥದ್ದು ಎಂದರು. ಗ್ರಂಥಾಲಯಗಳಲ್ಲಿ ಆಯಸ್ಸು ಸವೆಸಿದ ಇತಿಹಾಸಕಾರರೂ ಕೆಲವರು ಎಡವಿದರು. ಫ್ಯಾಕ್ಟ್‌ಚೆಕರ್‌ಗಳು ಎಡವಲಿಲ್ಲ. ಅವರು ಪುಟವನ್ನು ಪೂರ್ತಿ ಓದಲೇ ಇಲ್ಲ. ಅರ್ಧ ನಿಮಿಷದಲ್ಲಿ ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, 'ಈ ಸಂಘ ಯಾರದು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ' ಎಂದು ಹುಡುಕಿದರು. ಇದಕ್ಕೆ ಲ್ಯಾಟರಲ್ ರೀಡಿಂಗ್ ಎಂದು ಹೆಸರು. ನಮ್ಮ ಭಾಷೆಯಲ್ಲಿ ಇದು ಹೊಸದೇನಲ್ಲ. ಗಂಡಿನ ಕಡೆಯವರು ಹುಡುಗನ ಬಗ್ಗೆ ಏನು ಹೇಳಿದರೂ ನಾವು ವಿಚಾರಿಸುವುದು ಅವನ ಊರಿನ ಅಂಗಡಿಯಲ್ಲಿ.

ಶಾಲೆ ಕಲಿಸುವುದು ಇದಕ್ಕೆ ತಿರುಗುಮುರುಗಾಗಿ. ಒಂದೇ ಪುಸ್ತಕ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಮುಖ್ಯವಾದ್ದಕ್ಕೆ ಪೆನ್ಸಿಲಿನಲ್ಲಿ ಅಡಿಗೆರೆ. ಪಠ್ಯಪುಸ್ತಕಕ್ಕೆ ಆ ಓದು ಸರಿ, ಯಾಕೆಂದರೆ ಯಾರೋ ಮೊದಲೇ ಪರೀಕ್ಷೆ ಮಾಡಿ ಕಳಿಸಿರುತ್ತಾರೆ. ಮೊಬೈಲಿಗೆ ಬಂದದ್ದನ್ನು ಹಾಗೆ ಓದಿದರೆ, ಮೋಸ ಮಾಡುವವನು ಹೆಣೆದ ಬಲೆಯನ್ನು ಎಳೆ ಎಳೆಯಾಗಿ ನೋಡಿ ಮೆಚ್ಚಿಕೊಂಡ ಹಾಗಾಗುತ್ತದೆ. 'ಜಾಲತಾಣದ ವಿಳಾಸದಲ್ಲಿ ಬೀಗದ ಗುರುತು ಇದೆಯೇ ನೋಡಿ, ಕಾಗುಣಿತ ತಪ್ಪಿದೆಯೇ ನೋಡಿ' ಎನ್ನುವ ಸಲಹೆಪಟ್ಟಿಗಳು ಇನ್ನೂ ಗೋಡೆಗಳ ಮೇಲಿವೆ. ಬೀಗದ ಗುರುತು ಇವತ್ತು ಯಾವ ನಕಲಿ ತಾಣಕ್ಕೂ ಸಿಗುತ್ತದೆ. ಕಾಗುಣಿತ ತಿದ್ದಿಕೊಡಲು ಎಐ ಇದೆ. ಸತ್ಯ ಹೇಳಬೇಕೆಂದರೆ ಕಾಗುಣಿತ ನೋಡಿ ನಿರ್ಧರಿಸುವುದಾದರೆ ನಮ್ಮ ಇಲಾಖೆಯ ಅರ್ಧ ಸುತ್ತೋಲೆಗಳು ನಕಲಿ ಎನಿಸಿಕೊಂಡಾವು.

ಸ್ಟಾನ್‌ಫೋರ್ಡ್‌ನ ಅದೇ ತಂಡ ಮುಂದೆ ಅಮೆರಿಕದ 3,446 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಒಂದು ಮಸುಕು ವಿಡಿಯೊ ತೋರಿಸಿತು. ಮತಪೆಟ್ಟಿಗೆಗೆ ಯಾರೋ ರಾಶಿ ಮತಪತ್ರ ತುರುಕುವ ದೃಶ್ಯ. ಅಮೆರಿಕದ ಚುನಾವಣೆಯಲ್ಲಿ ನಡೆದ ಅಕ್ರಮ ಎಂಬ ಒಕ್ಕಣೆ. ಶೇ 52ರಷ್ಟು ಮಕ್ಕಳು ಇದು ಗಟ್ಟಿ ಸಾಕ್ಷ್ಯ ಎಂದರು. ವಿಡಿಯೊ ರಷ್ಯಾದ್ದು. ಇಂಟರ್ನೆಟ್ ಬಳಸಲು ಅನುಮತಿ ಇತ್ತು, ಕೆಲವು ಪದ ಹಾಕಿ ಹುಡುಕಿದರೆ ಮೂಲ ಸಿಗುತ್ತಿತ್ತು. ಹುಡುಕಿ ಮೂಲಕ್ಕೆ ಮುಟ್ಟಿದವರು ಮೂರೇ ಮಂದಿ. ಮೊಬೈಲ್ ಹಿಡಿದೇ ಹುಟ್ಟಿದ ಪೀಳಿಗೆ, ನಮಗಿಂತ ಚುರುಕು ಎಂದು ನಾವು ಹೇಳಿಕೊಳ್ಳುತ್ತೇವಲ್ಲ, ಆ ಚುರುಕು ಬೆರಳಿನದು.

ರಜೆ ಆದೇಶ ನಂಬಿ ಮನೆಯಲ್ಲಿ ಕೂತವನಿಗೆ ಒಂದು ದಿನದ ಹಾಜರಿ ಹೋಗುತ್ತದೆ, ಅಷ್ಟೇ. ಎಲ್ಲ ಸುಳ್ಳುಗಳೂ ಅಷ್ಟಕ್ಕೇ ಬಿಡುವುದಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ, ಆಗ ಔರಾದ್ ತಾಲೂಕಿಗೆ ಸೇರಿದ್ದ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಹೊಡೆದು ಕೊಂದರು. ಗೆಳೆಯರೊಂದಿಗೆ ಬಂದಿದ್ದವನು, ದಾರಿಯಲ್ಲಿ ನಿಂತು ಶಾಲಾ ಮಕ್ಕಳಿಗೆ ಚಾಕ್ಲೇಟ್ ಕೊಟ್ಟಿದ್ದೇ ತಪ್ಪಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ, ಜೊತೆಗೆ ವಿಡಿಯೊ. ಕಾರು ಮುಂದಿನ ಊರು ತಲುಪುವ ಮೊದಲು ಸುದ್ದಿ ತಲುಪಿತ್ತು. ಆಮೇಲೆ ಪೊಲೀಸರು ಗುಂಪಿನ ಅಡ್ಮಿನ್ ಸಹಿತ ಹಲವರನ್ನು ಬಂಧಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದ ರಾಜಸ್ಥಾನದ ಯುವಕನಿಗೂ ಇದೇ ಗತಿಯಾಗಿತ್ತು.

ಆ ದಿನಗಳಲ್ಲಿ ದೇಶದ ತುಂಬ ಹರಿದಾಡಿದ ಒಂದು ವಿಡಿಯೊ ನೆನಪಿರಬಹುದು: ಬೀದಿಯಲ್ಲಿ ಆಡುವ ಮಗುವನ್ನು ಬೈಕಿನಲ್ಲಿ ಬಂದವರು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಕಿರುಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿ ತಂದುಬಿಟ್ಟು, ಕರಾಚಿಯ ಬೀದಿಯಿಂದ ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಎಂಬ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿ ಹಾಕಿದರು. ಉಳಿದದ್ದರಲ್ಲಿ ಒಂದು ಚೌಕಟ್ಟೂ ನಕಲಿಯಲ್ಲ. ವಿಡಿಯೊವನ್ನು ನೂರು ಸಲ ಹಿಂದೆ ಮುಂದೆ ಓಡಿಸಿ ನೋಡಿದರೂ ಸುಳ್ಳು ಕಾಣುವುದಿಲ್ಲ, ಯಾಕೆಂದರೆ ಸುಳ್ಳು ಇದ್ದದ್ದು ತೆಗೆದುಹಾಕಿದ ಭಾಗದಲ್ಲಿ. ಮಕ್ಕಳಿಗೆ ನಾನು ಈ ಉದಾಹರಣೆ ಹೇಳುವಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ.

ಸರ್ಕಾರ ಮತ್ತು ಕಂಪನಿಗಳು ಹಿಡಿದ ದಾರಿ ವೇಗಕ್ಕೆ ಕಡಿವಾಣ ಹಾಕುವುದು. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ಬೆದರಿಕೆ, ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ವಿಶೇಷ ರೈಲು ಹತ್ತಿದಾಗ, ಕೇಂದ್ರ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳಿಸದಂತೆ ತಡೆದಿತ್ತು. 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಹಾಕಿತು. 2020ರಲ್ಲಿ, ಕೈಯಿಂದ ಕೈಗೆ ತುಂಬ ಸಲ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಬಿಟ್ಟಿತು. ಅದರ ಮೇಲೆ ಕಾಣುವ ಜೋಡಿ ಬಾಣದ ಗುರುತು ಏನೆಂದು ನನ್ನ ತರಗತಿಯಲ್ಲಿ ಕೇಳಿದೆ. "ಇಂಪಾರ್ಟೆಂಟ್ ಅಂತ, ಟೀಚರ್" ಎಂದು ಒಬ್ಬ ಹೇಳಿದ. ಎಚ್ಚರಿಕೆಯ ಗುರುತು ಶಿಫಾರಸಾಗಿ ಓದಿಸಿಕೊಳ್ಳುತ್ತಿದೆ.

ಕಡಿವಾಣದ ಉಪಾಯ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಆಗಾಗ ಅನಿಸುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಮನೆಯವರ ಧ್ವನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು ಎಂದು ವದಂತಿ. ಬರಹ ಓದಿ ದೆವ್ವ ವಾಪಸು ಹೋಗಬೇಕು, ಮರುದಿನ ಬಂದರೆ ಮತ್ತೆ ಅದೇ ಬರಹ. ವಾಟ್ಸ್‌ಆ್ಯಪ್ ಇಲ್ಲದ ಕಾಲದಲ್ಲೂ ವದಂತಿ ಹೀಗೆ ಮನೆಮನೆ ಸುತ್ತುತ್ತಿತ್ತು ಎನ್ನಲು ಇದನ್ನು ಉದಾಹರಣೆಯಾಗಿ ಕೊಡುವುದುಂಟು. ನನಗೆ ಹಿಡಿಸುವುದು ಅದರ ಇನ್ನೊಂದು ಮಗ್ಗುಲು. ಪರಿಚಿತ ಧ್ವನಿಯಲ್ಲಿ ಅಪರಿಚಿತರು ಕರೆಯುವುದು ಈಗ ನಿಜವಾಗಿದೆ. ಅಮ್ಮನದೋ ಅಣ್ಣನದೋ ಧ್ವನಿಯ ತುಣುಕು ಸಿಕ್ಕರೆ ಅದೇ ಧ್ವನಿಯಲ್ಲಿ ಹಣ ಕೇಳಿಸುವ ಎಐ ಇದೆ. ಇಂಥವರಿಗೆಲ್ಲ ಬೇಕಾದದ್ದು ನಿಮ್ಮ ಆತುರ. 'ಈಗಲೇ ಲಿಂಕ್ ಒತ್ತಿ', 'ಹತ್ತು ನಿಮಿಷದಲ್ಲಿ ಖಾತೆ ಬಂದ್', 'ಯಾರಿಗೂ ಹೇಳಬೇಡಿ, ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ'. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಆದರೆ ಗಾಬರಿಯಾದವನಿಗೆ ಕಾನೂನು ನೆನಪಾಗುವುದಿಲ್ಲ, ನಾಳೆ ಬಾ ಎನ್ನಲಾದರೂ ಬಂದರೆ ಅಷ್ಟು ಹೊತ್ತು ಬಚಾವು.

ಸುಳ್ಳು ಸುದ್ದಿ ಗುರುತಿಸುವುದು ಒಂದು ಪಾಠ, ಸೈಬರ್ ಸುರಕ್ಷತೆ ಇನ್ನೊಂದು ಪಾಠ ಎಂದು ನಾವು ಬೇರೆ ಬೇರೆ ಮಾಡಿಟ್ಟಿರುವುದು ನನ್ನ ಪ್ರಕಾರ ಮೊದಲನೆಯ ತಪ್ಪು. ಮೊದಲನೆಯದು ಕನ್ನಡ ಅಥವಾ ಸಮಾಜ ವಿಜ್ಞಾನದವರ ಪಾಲು, ಎರಡನೆಯದು ವರ್ಷಕ್ಕೊಮ್ಮೆ ಬರುವ ಪೊಲೀಸ್ ಅಧಿಕಾರಿಯ ಭಾಷಣ. ಮಗುವಿನ ಕೈಯಲ್ಲಿರುವ ಫೋನಿನಲ್ಲಿ ಇವೆರಡೂ ಒಂದೇ. ಎರಡರಲ್ಲೂ ಯಾರೋ ಒಬ್ಬ, ವಿಚಾರಿಸಲು ಬಿಡದೆ, ನಿನ್ನಿಂದ ಏನೋ ಮಾಡಿಸಿಕೊಳ್ಳಲು ನೋಡುತ್ತಾನೆ. ಫಾರ್ವರ್ಡ್ ಮಾಡಿಸಿದರೆ ಅದು ಸುಳ್ಳು ಸುದ್ದಿ, ಒಟಿಪಿ ಹೇಳಿಸಿದರೆ ವಂಚನೆ, ಫೋಟೊ ಕಳಿಸಿಸಿದರೆ ಬ್ಲ್ಯಾಕ್‌ಮೇಲ್.

ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳ ಬಗ್ಗೆ ಅಸರ್ 2024ರ ಸಮೀಕ್ಷೆಯಲ್ಲಿ ಅಂಕಿಗಳಿವೆ. ಸುಮಾರು ಶೇ 89 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಶೇ 82 ಮಂದಿಗೆ ಬಳಸಲು ಬರುತ್ತದೆ. ಹಾಗೆ ಬಳಸುವವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿ ಬಳಸಿದವರು ಶೇ 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಸೋಶಿಯಲ್ ಮೀಡಿಯಾ ಬಳಸುವವರಲ್ಲಿ ಬೇಡದವರನ್ನು ಬ್ಲಾಕ್ ಮಾಡಲು ಅಥವಾ ದೂರು ಕೊಡಲು ತಿಳಿದವರು ಶೇ 62. ಪ್ರೊಫೈಲ್ ಅನ್ನು ಪ್ರೈವೇಟ್ ಮಾಡಲು ತಿಳಿದವರು ಶೇ 55. ಉಳಿದವರ ಲೆಕ್ಕ ಮನಸ್ಸಿನಲ್ಲೇ ಹಾಕಿನೋಡಿ: ಹತ್ತಿರ ಹತ್ತಿರ ಅರ್ಧ ಮಕ್ಕಳು ಬಾಗಿಲು ಹಾಕಲು ಬಾರದ ಮನೆಯಲ್ಲಿ ಕೂತಿದ್ದಾರೆ. ಇದು ಮಾತ್ರ ಸುಲಭವಾಗಿ ಕಲಿಸಬಹುದಾದ ಭಾಗ. ಒಂದು ಪೀರಿಯಡ್ ಸಾಕು, ಫೋನಿನಲ್ಲೇ ಮಾಡಿಸಿಬಿಡಬೇಕು. ಹಣ ಬರಲು ಯುಪಿಐ ಪಿನ್ ಹಾಕಬೇಕಿಲ್ಲ, ಒಟಿಪಿ ಯಾರಿಗೂ ಓದಿಹೇಳಬಾರದು, 'ನಿನ್ನ ಅಕೌಂಟಿಗೆ ಹಣ ಬರುತ್ತದೆ, ತೆಗೆದುಕೊಡು, ಕಮಿಷನ್ ಕೊಡುತ್ತೇವೆ' ಎಂದರೆ ಖಾತೆ ಕೊಡಬಾರದು ಎನ್ನುವುದೂ ಅದೇ ಲೆಕ್ಕದಲ್ಲಿ. ಕೊನೆಯದನ್ನು ಪಿಯುಸಿ, ಡಿಗ್ರಿ ಮಕ್ಕಳಿಗೆ ಒತ್ತಿ ಹೇಳಬೇಕು. ವಂಚನೆಯ ಹಣ ದಾಟಿಸಲು ಬಾಡಿಗೆಗೆ ಸಿಕ್ಕ ಖಾತೆಯ ಹುಡುಗನ ಮನೆಗೇ ಮೊದಲು ಪೊಲೀಸರು ಬರುವುದು.

ಕಷ್ಟದ ಭಾಗ ಬೇರೆಯೇ ಇದೆ. ಎಂಟನೆಯ ತರಗತಿಯ ಹುಡುಗನೊಬ್ಬ ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ನನ್ನ ಪಕ್ಕ ಬಂದು ನಿಂತ. "ಟೀಚರ್, ಒಂದು ವಿಷಯ ಹೇಳ್ತೇನೆ. ಮನೆಗೆ ಗೊತ್ತಾಗಬಾರದು." ಗೇಮಿನ ಡೈಮಂಡ್ ಅರ್ಧ ಬೆಲೆಗೆ ಕೊಡುತ್ತೇವೆಂದು ಯಾರೋ ಮೆಸೇಜ್ ಮಾಡಿದ್ದಾರೆ, ಅವರು ಹೇಳಿದ ಆ್ಯಪ್ ಹಾಕಿದ್ದಾನೆ, ಬಂದ ನಂಬರನ್ನು ಓದಿ ಹೇಳಿದ್ದಾನೆ. ಅಮ್ಮನ ಖಾತೆಯಿಂದ 4,200 ರೂಪಾಯಿ ಹೋಗಿದೆ. ಬೀಡಿ ಕಟ್ಟಿ ಉಳಿಸಿದ ಹಣ. ಯಾವಾಗ ಎಂದು ಕೇಳಿದೆ. ಹನ್ನೊಂದು ದಿನ ಆಗಿತ್ತು.

ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ದುಡ್ಡು ಮುಂದಿನ ಖಾತೆಗಳಿಗೆ ಹಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಗಂಟೆಗಳ ಮೇಲೆ ನಿಂತ ವ್ಯವಸ್ಥೆ ಅದು. ಹನ್ನೊಂದು ದಿನಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ದೂರು ಕೊಟ್ಟೆವು, ಹಣ ಬರಲಿಲ್ಲ. ಆ ಹುಡುಗನಿಗೆ 1930 ಗೊತ್ತಿತ್ತು. ಶಾಲೆಯ ಗೋಡೆಯ ಪೋಸ್ಟರಿನಲ್ಲಿ ದಿನಾ ನೋಡುತ್ತಿದ್ದ. ಮತ್ತೆ ಯಾಕೆ ಹೇಳಲಿಲ್ಲ? "ಹೇಳಿದರೆ ಅಪ್ಪ ಫೋನ್ ಮುಟ್ಟಲಿಕ್ಕೆ ಬಿಡುವುದಿಲ್ಲ ಟೀಚರ್."

ಅವನು ಹೇಳಿದ್ದು ನಿಜ. ಫೋನು ಕಸಿದುಕೊಳ್ಳುವುದು ನಮ್ಮ ಮನೆಗಳಲ್ಲಿ ಎಲ್ಲ ಡಿಜಿಟಲ್ ತಪ್ಪಿಗೂ ಒಂದೇ ಶಿಕ್ಷೆ. ಹೆಣ್ಣುಮಕ್ಕಳಿಗಾದರೆ ಫೋನಿನ ಜೊತೆ ಕಾಲೇಜನ್ನೂ ಬಿಡಿಸಿಯಾರು. ಆದ್ದರಿಂದ ಫೋಟೊ ಇಟ್ಟುಕೊಂಡು ಹೆದರಿಸುವವನಿಗೆ ಇರುವ ದೊಡ್ಡ ಬಲ ಆ ಫೋಟೊ ಅಲ್ಲ, ಅಪ್ಪನಿಗೆ ಗೊತ್ತಾಗಬಾರದು ಎಂಬ ಭಯ. ಹದಿನೆಂಟರ ಒಳಗಿನವರ ನಗ್ನ, ಅಶ್ಲೀಲ ಚಿತ್ರ ಕೇಳುವುದು, ಇಟ್ಟುಕೊಳ್ಳುವುದು, ಹಂಚುವುದು ಪೋಕ್ಸೊ ಮತ್ತು ಐಟಿ ಕಾಯ್ದೆಯಡಿ ಗಂಭೀರ ಅಪರಾಧ. ಹೆದರಬೇಕಾದವನು ಆಚೆ ಬದಿಯವನು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೊಂದಿದೆ; ಅದು ಚಿತ್ರವನ್ನು ಎಲ್ಲಿಗೂ ಕಳಿಸಿಕೊಳ್ಳದೆ, ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾಡಿ, ಒಪ್ಪಿಕೊಂಡಿರುವ ಜಾಲತಾಣಗಳಲ್ಲಿ ಆ ಚಿತ್ರ ಹರಡದಂತೆ ತಡೆಯಲು ನೆರವಾಗುತ್ತದೆ. ಇವೆಲ್ಲ ಕೆಲಸಕ್ಕೆ ಬರುವುದು ಮಗು ಬಾಯಿಬಿಟ್ಟ ಮೇಲೆ. ಪೋಷಕರ ಸಭೆಯಲ್ಲಿ ನಾನು ಈಗ ಕೇಳಿಕೊಳ್ಳುವುದು ಒಂದೇ ಮಾತು: ಮೋಸ ಹೋಗಿ ಬಂದು ಹೇಳಿದರೆ ಆ ದಿನ ಬೈಯಬೇಡಿ, ಫೋನು ಕಸಿಯಬೇಡಿ, ಬೇಕಾದರೆ ಮುಂದಿನ ವಾರ ಬೈಯಿರಿ. ಕೆಲವರು ನಗುತ್ತಾರೆ, ಕೆಲವರಿಗೆ ನಾನು ಮಕ್ಕಳನ್ನು ಹಾಳು ಮಾಡುತ್ತಿರುವವಳು.

ಕಲಿಸಿದರೆ ಕಲಿಯುತ್ತಾರೆಯೇ ಎನ್ನುವ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಳ್ಳೆಯ ಉತ್ತರ ಸಿಕ್ಕಿದೆ, ಅದೂ ಎರಡು ಕಂತಿನಲ್ಲಿ. ರಾಜಕೀಯ ವಿಜ್ಞಾನಿ ಸುಮಿತ್ರಾ ಬದ್ರಿನಾಥನ್ 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬಿಹಾರದಲ್ಲಿ 1,200ಕ್ಕೂ ಹೆಚ್ಚು ಮಂದಿಯೊಂದಿಗೆ ಪ್ರಯೋಗ ಮಾಡಿದರು. ಮನೆಮನೆಗೆ ಹೋಗಿ, ಸುಮಾರು ಒಂದು ಗಂಟೆ ಕೂತು, ಸುಳ್ಳು ಪತ್ತೆ ಹಚ್ಚುವುದನ್ನು ಹೇಳಿಕೊಟ್ಟರು. ಒಟ್ಟಾರೆ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಮುಂದೆ ಅವರೂ ಸಹೋದ್ಯೋಗಿಗಳೂ ಬಿಹಾರದಲ್ಲೇ, ಸರ್ಕಾರದ ಜೊತೆ ಸೇರಿ, 583 ಹಳ್ಳಿಗಳ 13,500ರಷ್ಟು ಹದಿಹರೆಯದವರ ಜೊತೆ ಕೆಲಸ ಮಾಡಿದರು. ಈ ಸಲ ಊರಿನ ಗ್ರಂಥಾಲಯಗಳಲ್ಲಿ, ವಾರಗಳ ಕಾಲ ಹರಡಿದ ತರಗತಿಗಳು. ಹೋಲಿಕೆಗಾಗಿ ಉಳಿದ ಮಕ್ಕಳಿಗೆ ಇಂಗ್ಲಿಷ್ ಪಾಠ. ತರಗತಿಯಲ್ಲಿ ಕೂತ ಮಕ್ಕಳು ಸುಳ್ಳು ನಿಜ ಬೇರ್ಪಡಿಸುವುದರಲ್ಲಿ ಸ್ಪಷ್ಟವಾಗಿ ಮುಂದಾದರು. ನಾಲ್ಕು ತಿಂಗಳ ನಂತರವೂ ಆ ಚುರುಕು ಉಳಿದಿತ್ತು, ತರಗತಿಯಲ್ಲಿ ಹೆಚ್ಚಾಗಿ ಆರೋಗ್ಯದ ಸುಳ್ಳುಗಳನ್ನು ಚರ್ಚಿಸಿದ್ದರೂ ರಾಜಕೀಯದ ಸುಳ್ಳುಗಳಿಗೂ ಅದು ಹಬ್ಬಿತ್ತು. ಎಲ್ಲಕ್ಕಿಂತ ಸೋಜಿಗ, ತರಗತಿಗೆ ಬಾರದ ಅಪ್ಪ ಅಮ್ಮಂದಿರಲ್ಲೂ ಸುಧಾರಣೆ ಕಂಡಿತು.

ಒಂದು ಗಂಟೆ ಸೋತಿತು, ವಾರಗಟ್ಟಲೆ ಗೆದ್ದಿತು. ನಮ್ಮಲ್ಲಿ ನಡೆಯುವುದು ಹೆಚ್ಚಾಗಿ ಒಂದು ಗಂಟೆಯದ್ದೇ. ಸ್ವಾಗತ, ದೀಪ ಬೆಳಗುವುದು, ಭಾಷಣ, ಪ್ರತಿಜ್ಞೆ, ಫೋಟೊ, ವಂದನಾರ್ಪಣೆ. ಫೋಟೊ ಇಲಾಖೆಯ ಗುಂಪಿಗೆ ಹೋದ ಮೇಲೆ ಆ ವರ್ಷದ ಸೈಬರ್ ಜಾಗೃತಿ ಮುಗಿಯಿತು. ಪಕ್ಕದ ಕೇರಳ ಬೇರೆ ದಾರಿ ನೋಡಿತು. 2018ರಲ್ಲಿ ಕಣ್ಣೂರು ಜಿಲ್ಲೆಯ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಜಿಲ್ಲಾಧಿಕಾರಿಯ ಮುಂದಾಳತ್ವದಲ್ಲಿ 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ ಸುಳ್ಳು ಸುದ್ದಿಯ ಪಾಠ ಶುರುವಾಯಿತು. 2022ರಲ್ಲಿ ಕೇರಳದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ಅದೇ ಹೆಸರಿನಲ್ಲಿ 5ರಿಂದ 10ನೆಯ ತರಗತಿಯ 19.72 ಲಕ್ಷ ಮಕ್ಕಳಿಗೆ ತರಬೇತಿ ಕೊಟ್ಟಿತು. ಕರ್ನಾಟಕ 2025ರಲ್ಲಿ ಸುಳ್ಳು ಸುದ್ದಿ ತಡೆಗೆ ಏಳು ವರ್ಷಗಳವರೆಗೆ ಜೈಲು ವಿಧಿಸಬಹುದಾದ ಕರಡು ಮಸೂದೆ ಮಾಡಿತು. ಯಾವುದು ಸುಳ್ಳು ಎಂದು ಸರ್ಕಾರವೇ ತೀರ್ಮಾನಿಸುವುದರ ಅಪಾಯದ ಬಗ್ಗೆ ಆಗಲೇ ಸಾಕಷ್ಟು ಮಾತಾಗಿದೆ. ನನ್ನ ತಕರಾರು ಚಿಕ್ಕದು: ಅಷ್ಟೇ ಉತ್ಸಾಹದಲ್ಲಿ ವಾರಕ್ಕೊಂದು ಪೀರಿಯಡ್ ಕೊಟ್ಟಿದ್ದರೆ?

ಪೀರಿಯಡ್ ಕೊಟ್ಟರೂ ಕಲಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ನಾವು ಶಿಕ್ಷಕರು ಏನು ಕಡಿಮೆಯೇ? ತುಟ್ಟಿಭತ್ಯೆ ಹೆಚ್ಚಳದ ನಕಲಿ ಆದೇಶ ನಮ್ಮ ಗುಂಪಿಗೆ ಬಂದರೆ ಕಾಲು ಗಂಟೆಯಲ್ಲಿ ಇಪ್ಪತ್ತು ಹೆಬ್ಬೆಟ್ಟು, ಹತ್ತು ಕೈಮುಗಿದ ಗುರುತು. ಹಣಕಾಸು ಇಲಾಖೆಯ ತಾಣಕ್ಕೆ ಹೋಗಿ ನೋಡಿದವರು ಇಲ್ಲ. ಬೇಕು ಎನಿಸಿದ್ದನ್ನು ಮನಸ್ಸು ಬೇಗ ನಂಬುತ್ತದೆ. ಮಕ್ಕಳಿಗೆ ರಜೆ, ನಮಗೆ ಡಿಎ. ಈ ಮಾತನ್ನು ತರಗತಿಯಲ್ಲಿ ಒಪ್ಪಿಕೊಂಡ ದಿನ ಮಕ್ಕಳು ಬಹಳ ಖುಷಿಪಟ್ಟರು, ಆ ದಿನದ ಪಾಠವೂ ಚೆನ್ನಾಗಿ ನಡೆಯಿತು.

ಮನೆಯ ಗುಂಪಿನಲ್ಲಿ ದೊಡ್ಡವರು ಹಾಕಿದ ಸುಳ್ಳನ್ನು ಮಗು ಏನು ಮಾಡಬೇಕು? ಬೇರೆ ದೇಶಗಳ ಪಠ್ಯಗಳಲ್ಲಿ ಈ ಪ್ರಶ್ನೆಗೆ ಅಷ್ಟು ಜಾಗವಿಲ್ಲ, ನಮ್ಮಲ್ಲಿ ಇದೇ ಮೊದಲ ಅಧ್ಯಾಯವಾಗಬೇಕು. 'ದೊಡ್ಡಪ್ಪ, ಇದು ಸುಳ್ಳು' ಎಂದರೆ ಅಧಿಕಪ್ರಸಂಗ. 'ದೊಡ್ಡಪ್ಪ, ಇದು ನಿಮಗೆ ಎಲ್ಲಿ ಸಿಕ್ಕಿತು?' ಎಂದು ಕೇಳಬಹುದು ಎಂದು ನನ್ನ ವಿದ್ಯಾರ್ಥಿನಿಯೊಬ್ಬಳೇ ಕಂಡುಕೊಂಡಳು. ಗುಂಪಿನಲ್ಲಿ ಅಲ್ಲ, ಬೇರೆಯಾಗಿ. ಅವರು ಇನ್ನೊಬ್ಬರ ಹೆಸರು ಹೇಳುತ್ತಾರೆ, ಆ ಇನ್ನೊಬ್ಬರಿಗೆ ಮತ್ತೊಬ್ಬರು. ಮೂರನೆಯ ಹೆಸರಿನ ಹೊತ್ತಿಗೆ ದೊಡ್ಡಪ್ಪನಿಗೇ ಅನುಮಾನ ಬರುತ್ತದೆಯಂತೆ.

ಕನ್ನಡದಲ್ಲಿ ಹುಡುಕಿ ನೋಡುವುದು ಇಂಗ್ಲಿಷಿನಷ್ಟು ಸಲೀಸಲ್ಲ ಎಂಬುದನ್ನೂ ಹೇಳಲೇಬೇಕು. ಸುಳ್ಳು ಕನ್ನಡದಲ್ಲಿ ಧಾರಾಳ ಸಿಗುತ್ತದೆ, ಅದರ ಪರಿಶೀಲನೆ ಬೇರೆ ಭಾಷೆಯಲ್ಲಿರುತ್ತದೆ. ನ್ಯೂಸ್‌ಚೆಕರ್, ನ್ಯೂಸ್‌ಮೀಟರ್‌ನಂಥವು ಕನ್ನಡದಲ್ಲಿ ಫ್ಯಾಕ್ಟ್‌ಚೆಕ್ ಮಾಡುತ್ತವೆ, ಮಕ್ಕಳಿಗೆ ತೋರಿಸಬೇಕು. ಚಿತ್ರವಾದರೆ ಗೂಗಲ್ ಲೆನ್ಸ್‌ಗೆ ಭಾಷೆಯ ಹಂಗಿಲ್ಲ. ಹಳೆಯ ಪ್ರವಾಹದ ಫೋಟೊ ಇವತ್ತಿನದೆಂದು ಬಂದದ್ದನ್ನು ಏಳನೆಯ ತರಗತಿಯವರೂ ಹಿಡಿಯುತ್ತಾರೆ. ಎಐ ಚಾಟ್‌ಬಾಟ್ ಕೇಳಿ ಖಚಿತಪಡಿಸಿಕೊಂಡೆ ಎನ್ನುವವರಿಗೆ ನಾನು ಹೇಳುವುದು, ನಮ್ಮೂರಿನ ದೇವಸ್ಥಾನದ ಚರಿತ್ರೆ ಕೇಳಿನೋಡು ಎಂದು. ಇಲ್ಲದ ರಾಜನನ್ನು ತಂದು ಕೂರಿಸಿ, ಇಸವಿಯನ್ನೂ ಕೊಟ್ಟದ್ದನ್ನು ನೋಡಿ ಒಬ್ಬ ಬಿದ್ದು ಬಿದ್ದು ನಕ್ಕ. ಮನೆಯ ಹತ್ತಿರದ ವಿಷಯದಲ್ಲಿ ಅದು ತಪ್ಪುವುದನ್ನು ಕಂಡವನು ದೂರದ ವಿಷಯದಲ್ಲೂ ಒಂದು ಸಲ ನಿಲ್ಲುತ್ತಾನೆ.

ಇಷ್ಟೆಲ್ಲ ಮಾಡಿದ ಮೇಲೆ ನನಗೇ ಒಂದು ಪೆಟ್ಟು ಬಿತ್ತು. ಆಗಸ್ಟ್‌ನ ಒಂದು ಬೆಳಿಗ್ಗೆ, ರಾತ್ರಿಯಿಡೀ ಸುರಿದ ಮೇಲೆ, ಆರು ಗಂಟೆ ಕಳೆದು ರಜೆ ಆದೇಶ ಬಂತು. ಅಸಲಿ. ನನ್ನ ಮನೆ ಶಾಲೆಗೆ ಹತ್ತಿರ. ಗೊತ್ತಾಗದೆ ಯಾರಾದರೂ ಬಂದಿದ್ದರೆ ಎಂದು ಒಂಬತ್ತರ ಹೊತ್ತಿಗೆ ಹೋಗಿ ನೋಡಿದೆ. ಜಗಲಿಯಲ್ಲಿ ಒಬ್ಬ ನಿಂತಿದ್ದ. ತಾರೀಕಿನ ದಪ್ಪ ಅಕ್ಷರ ಹಿಡಿದಿದ್ದ ಅದೇ ಹುಡುಗ. ಕೊಡೆಯ ಕಡ್ಡಿ ಮುರಿದಿತ್ತು, ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿದ್ದ, ಅಂಗಿ ಮೈಗೆ ಅಂಟಿತ್ತು.

"ಎಂತ ಮಾರಾಯ, ಮೆಸೇಜ್ ನೋಡಲಿಲ್ಲವಾ?"

"ನೋಡಿದೆ ಟೀಚರ್. ಅಣ್ಣನಿಗೂ ಬಂದಿತ್ತು. ನಾನು ನಂಬಲಿಲ್ಲ."

ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ನಂಬಬೇಡ ಎಂದು ನಾನು ಎಂದೂ ಹೇಳಿರಲಿಲ್ಲ, ವಿಚಾರಿಸು ಎಂದಿದ್ದೆ. ಆದರೆ ಎರಡು ತಿಂಗಳು ನಕಲಿಗಳನ್ನೇ ತೋರಿಸುತ್ತ ಹೋದವಳು ನಾನು. ಅಸಲಿಯನ್ನು ಅಸಲಿ ಎಂದು ಖಚಿತ ಮಾಡಿಕೊಳ್ಳುವುದನ್ನು ಒಂದು ದಿನವೂ ಮಾಡಿಸಿರಲಿಲ್ಲ. ಏನು ಬಂದರೂ ಸುಳ್ಳು ಎಂದು ಕೈತೊಳೆದುಕೊಳ್ಳುವುದು, ಏನು ಬಂದರೂ ನಿಜ ಎಂದು ಕೈಮುಗಿಯುವುದು, ಎರಡೂ ಒಂದೇ ಸೋಮಾರಿತನ. ಅವನ ಅಪ್ಪನಿಗೆ ಫೋನು ಮಾಡಿದೆ. ಅವರು ಬರುವವರೆಗೆ ನಾವಿಬ್ಬರೂ ಜಗಲಿಯಲ್ಲಿ ಕೂತು, ಜಿಲ್ಲಾಡಳಿತದ ಅಧಿಕೃತ ಪುಟ ತೆರೆದು ಆದೇಶ ಹುಡುಕಿದೆವು. ನೆಟ್‌ವರ್ಕ್ ಒಂದು ಕಡ್ಡಿ ಇತ್ತು, ಆದರೂ ಎರಡು ನಿಮಿಷ ಹಿಡಿಯಲಿಲ್ಲ. ತಾರೀಕು ನೋಡಿದ, ತಾಲೂಕಿನ ಹೆಸರು ನೋಡಿದ, "ಓ" ಎಂದ.

ಅವನ ಮನೆ ತೋಟದ ಆಚೆ, ಹೊಳೆಗೆ ಅಡಿಕೆ ಮರದ ಕಾಲುಸಂಕ ಹಾಕಿದ್ದಾರೆ. ಬರುವಾಗ ಸಂಕದ ಮೇಲೆ ನೀರಿತ್ತಾ ಎಂದು ಕೇಳಿದೆ. ಅವನು ಮಾತಾಡದೆ ಬಗ್ಗಿ ತನ್ನ ಮೊಣಕಾಲು ಮುಟ್ಟಿ ತೋರಿಸಿದ.